ವೇದಿಕೆಯಿಲ್ಲದ ಸಂಗೀತದ ಊರುಗಳು

ರಜೆ ಬಂದಿತೆಂದರೆ ಪೇಟೆಯ ಮನೆಗಳಲ್ಲಿ ಪ್ರವಾಸದ ಮಾತು ಮೊದಲಾಗುತ್ತದೆ. ಸಂಗೀತ ಕಲಿಯುವ ಮಗಳೊಬ್ಬಳು ಮನೆಯಲ್ಲಿದ್ದರೆ, ಹಾಡೆಂದರೆ ಕಿವಿ ನಿಮಿರಿಸುವ ಅಜ್ಜಿಯೊಬ್ಬರಿದ್ದರೆ, ಸಂಗೀತಕ್ಕೆ ಹೆಸರಾದ ಊರುಗಳನ್ನೇ ನೋಡಿ ಬರಬೇಕೆಂಬ ಅಪೇಕ್ಷೆ ಹುಟ್ಟುವುದು ಸಹಜ. ಅಂತಹ ಊರುಗಳಿಗೆ ಕೊರತೆಯೂ ಇಲ್ಲ. ಸವಾಯಿ ಗಂಧರ್ವರ ಕುಂದಗೋಳ, ಮಲ್ಲಿಕಾರ್ಜುನ ಮನ್ಸೂರರ ಧಾರವಾಡ, ವೀರೇಶ್ವರ ಪುಣ್ಯಾಶ್ರಮದ ಗದಗ, ಗಡಿಯಾಚೆಗೆ ಅಬ್ದುಲ್ ಕರೀಂ ಖಾನರು ಚಿರನಿದ್ರೆಯಲ್ಲಿರುವ ಮೀರಜ್. ಇನ್ನೂ ದೂರ ಹೋಗಬಲ್ಲವರಿಗೆ ಯುನೆಸ್ಕೋ ಸಂಸ್ಥೆಯ ಪಟ್ಟಿಯೇ ಇದೆ. ಅದು 2015ರಲ್ಲಿ ವಾರಾಣಸಿಯನ್ನೂ 2017ರಲ್ಲಿ ಚೆನ್ನೈಯನ್ನೂ 2023ರಲ್ಲಿ ಗ್ವಾಲಿಯರನ್ನೂ ಸಂಗೀತದ ನಗರಗಳೆಂದು ಗುರುತಿಸಿತು.

ಯಾವ ಪಟ್ಟಿಯಲ್ಲಿಯೂ ಕಾಣದ ಮೂರು ಊರುಗಳು ಕಲಬುರಗಿ ಜಿಲ್ಲೆಯಲ್ಲಿವೆ: ಆಳಂದ, ಅಫಜಲಪುರ, ಜೇವರ್ಗಿ. ಇಲ್ಲಿ ಹೆಸರಾಂತ ಸಭಾಂಗಣವಿಲ್ಲ. ಟಿಕೆಟು ಕೊಂಡು ಕೇಳುವ ಕಚೇರಿಯಿಲ್ಲ. ಕಲಬುರಗಿಯಲ್ಲಿ ಬೀಡುಬಿಟ್ಟು ಕಾರಿನಲ್ಲಿ ಹೊರಟ ಕುಟುಂಬವು ಮೊದಲನೆಯ ದಿನ ತೊಗರಿಯ ಹೊಲಗಳನ್ನೂ ಜೋಳದ ಹೊಲಗಳನ್ನೂ ಮಾತ್ರ ಕಂಡೀತು. "ಅಪ್ಪಾ, ಸಂಗೀತ ಎಲ್ಲಿದೆ?" ಎಂದು ಮಕ್ಕಳು ಕೇಳಿದರೆ ಅವರನ್ನು ಗದರಿಸಬಾರದು. ಕೇಳತಕ್ಕ ಪ್ರಶ್ನೆಯೇ ಅದು.

ಆಳಂದದ ಹಾದಿಯಲ್ಲಿ ಕಡಗಂಚಿ ಸಿಗುತ್ತದೆ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿರುವುದರಿಂದ ಆ ಹೆಸರು ಈಗ ಅನೇಕರಿಗೆ ಗೊತ್ತು. ಆದರೆ ಮಹಾರಾಷ್ಟ್ರದ ದತ್ತಭಕ್ತರಿಗೆ ಅದು ಬಹಳ ಹಿಂದಿನಿಂದ ಪರಿಚಿತ. 'ಗುರುಚರಿತ್ರೆ'ಯನ್ನು ಮರಾಠಿಯಲ್ಲಿ ಬರೆದ ಸರಸ್ವತಿ ಗಂಗಾಧರರು ಈ ಊರಿನ ಸಾಯಂದೇವರ ವಂಶದವರು, ಕನ್ನಡ ಮನೆಮಾತಿನವರು. ಆ ಮರಾಠಿ ಗ್ರಂಥದ ನಡುವೆ ಕನ್ನಡದ ಪದಗಳೂ ಸೇರಿಕೊಂಡಿವೆ. ಗುರುವಿನ ಮುಂದೆ ಹಾಡುವ ಗಳಿಗೆ ಬಂದಾಗ ಕವಿಗೆ ತಾಯ್ನುಡಿ ನೆನಪಾಯಿತೆಂದು ತೋರುತ್ತದೆ. ಆಳಂದದಲ್ಲಿ ಲಾಡ್ಲೆ ಮಶಾಯಕರ ದರ್ಗಾ ಇದೆ. ಮೊಹರಮ್ಮಿನ ಕಾಲದಲ್ಲಿ ಈ ಸೀಮೆಯ ಹಳ್ಳಿಗಳಲ್ಲಿ ಕೇಳಿಬರುವ ರಿವಾಯತ ಪದಗಳನ್ನು ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ, ಮುಸಲ್ಮಾನರೂ ಇದ್ದಾರೆ. ಕರ್ಬಲಾದ ಶೋಕವು ಅಲ್ಲಿ ಅಚ್ಚಗನ್ನಡದ ಧಾಟಿಯಲ್ಲಿ ಹರಿಯುತ್ತದೆ.

ಮರುದಿನ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರ. ಭೀಮಾ ಮತ್ತು ಅಮರಜಾ ನದಿಗಳು ಕೂಡುವ ಈ ಕ್ಷೇತ್ರ ಶ್ರೀ ನರಸಿಂಹ ಸರಸ್ವತಿಗಳು ನೆಲೆಸಿದ್ದ ಸ್ಥಳ. ಮಧ್ಯಾಹ್ನ ಇಲ್ಲಿಗೆ ಬಂದ ಭಕ್ತರು, ಸಿರಿವಂತರೂ ಸಹ, ಮಧುಕರಿಗಾಗಿ ಮನೆಮನೆಯ ಮುಂದೆ ನಿಲ್ಲುತ್ತಾರೆ. ಅಭಿಮಾನವನ್ನು ಬಿಡಿಸುವ ಈ ಪದ್ಧತಿಯನ್ನು ಕಂಡವರಿಗೆ, ಇದೇ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿದ ಮಡಿವಾಳಪ್ಪನವರ ಪದಗಳು ಬೇಗನೆ ಅರ್ಥವಾದಾವು.

ಬಿದನೂರಿನಲ್ಲಿ ಹುಟ್ಟಿದರೂ ಮಡಿವಾಳಪ್ಪನವರ ಹೆಸರಿಗೆ ಅಂಟಿಕೊಂಡದ್ದು ಕಡಕೋಳ. ಯಡ್ರಾಮಿ ತಾಲ್ಲೂಕು ಈಚೆಗೆ ಪ್ರತ್ಯೇಕವಾಗುವ ತನಕ ಕಡಕೋಳವು ಜೇವರ್ಗಿಗೆ ಸೇರಿದ್ದಿತು. ಕಲಬುರಗಿಯಿಂದ ದಕ್ಷಿಣಕ್ಕೆ ಭೀಮಾ ನದಿಯ ಕಟ್ಟಿಸಂಗಾವಿ ಸೇತುವೆಯನ್ನು ದಾಟಿ ಸುಮಾರು 40 ಕಿಲೋಮೀಟರು ಸಾಗಿದರೆ ಜೇವರ್ಗಿ. ಬಸವಣ್ಣನವರ ಕಾಲ ಕಳೆದು ಐದು ಶತಮಾನಗಳಾದ ಮೇಲೆ, 'ಅಖಂಡೇಶ್ವರ' ಎಂಬ ಅಂಕಿತದಲ್ಲಿ 700ಕ್ಕೂ ಹೆಚ್ಚು ವಚನಗಳನ್ನು ರಚಿಸಿದ ಷಣ್ಮುಖ ಶಿವಯೋಗಿಗಳ ಊರು ಅದು. ವಚನದ ಆ ಬೆಳೆಯ ಪಕ್ಕದಲ್ಲಿಯೇ ತತ್ವಪದದ ಬೆಳೆ ಬಂದಿತು. ಮಡಿವಾಳಪ್ಪನವರ ಮಾರ್ಗದಲ್ಲಿ ನಡೆದವರಲ್ಲಿ ಚೆನ್ನೂರಿನ ಜಲಾಲ ಸಾಹೇಬರಿದ್ದರು, ಖೈನೂರಿನ ಕೃಷ್ಣಪ್ಪನವರಿದ್ದರು, ಕಡ್ಲೇವಾಡದ ಸಿದ್ಧಪ್ಪನವರಿದ್ದರು. ಒಬ್ಬರು ಮುಸಲ್ಮಾನರು, ಒಬ್ಬರು ಬ್ರಾಹ್ಮಣರು; ಜಾತಿ ಬೇರೆಯಾದರೂ ಗುರು ಒಬ್ಬನೇ.

ಇಷ್ಟನ್ನೆಲ್ಲ ಹಗಲಿನಲ್ಲಿ ತಿಳಿದುಕೊಳ್ಳಬಹುದು. ಆದರೆ ಕೇಳಬೇಕಾದರೆ ರಾತ್ರಿಯಾಗಬೇಕು. ಹೊಲಮನೆಯ ಕೆಲಸ ಮುಗಿದು, ರೊಟ್ಟಿ ಉಂಡು, ಜನ ಮಠದಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಸೇರಿದ ಮೇಲೆ ಏಕತಾರಿ ಮಿಡಿಯುತ್ತದೆ, ದಮ್ಮಡಿ ದನಿಗೂಡಿಸುತ್ತದೆ. ಒಬ್ಬರು ಪಲ್ಲವಿ ಎತ್ತಿದರೆ ಉಳಿದವರು ಅದನ್ನು ಹಿಡಿಯುತ್ತಾರೆ. ಒಂದು ಪದ ಪ್ರಶ್ನೆ ಹಾಕಿದರೆ ಇನ್ನೊಂದು ಉತ್ತರ ಕೊಡುತ್ತದೆ. ಸಂಗೀತ ಕಲಿತ ಮಗಳು "ಇದು ಯಾವ ರಾಗ?" ಎಂದು ಕೇಳಿದರೆ, ಹಾಡುವವರು ಅದು ಯಾರ ಪದವೆಂಬುದನ್ನು ಹೇಳಿಯಾರು. ಸಾವಾದ ಮನೆಯಲ್ಲಿಯೂ ಇದೇ ಭಜನೆ ಬೆಳಗಿನವರೆಗೆ ನಡೆಯುತ್ತದೆ. ಅಳುವವರ ನಡುವೆ ಕುಳಿತು ಹಾಡಬಲ್ಲ ಸಂಗೀತಕ್ಕೆ ಚಪ್ಪಾಳೆಯ ಅಗತ್ಯವೆಲ್ಲಿ?

ಸಂಜೆಯೊಳಗೆ ಹೋಟೆಲು ಸೇರುವ ಆತುರದ ಪ್ರವಾಸಿಗೆ ಈ ಸಂಪತ್ತು ದಕ್ಕುವುದಿಲ್ಲ. "ಇವತ್ತ ರಾತ್ರಿ ಭಜನಿ ಅದರಿ, ಇದ್ದು ಹೋಗ್ರಿ" ಎಂಬ ಕರೆ ಬಂದಾಗ ಗಡಿಯಾರ ನೋಡದೆ ಉಳಿದುಕೊಳ್ಳುವುದೊಂದೇ ಅದಕ್ಕೆ ತೆರಬೇಕಾದ ಬೆಲೆ.

ಈ ಸಂಪತ್ತು ಎಂದೆಂದಿಗೂ ಹೀಗೆಯೇ ಇದ್ದೀತೆಂದು ನಂಬುವಂತಿಲ್ಲ. ಸುಗ್ಗಿಯ ಕಣದಲ್ಲಿ ಎತ್ತುಗಳನ್ನು ಸಾಲಾಗಿ ಕಟ್ಟಿ, ಮೇಟಿಯ ಸುತ್ತ ತಿರುಗಿಸುತ್ತ, ರಾತ್ರಿಯಿಡೀ ಹಂತಿಯ ಪದ ಹಾಡುವ ವಾಡಿಕೆ ಈ ಸೀಮೆಯಲ್ಲಿತ್ತು. ರಾಶಿ ಮಾಡುವ ಯಂತ್ರ ಬಂದಿತು, ರೈತನ ಬೆನ್ನಿನ ಭಾರ ಇಳಿಯಿತು, ಅದು ಒಳ್ಳೆಯದೇ. ಆದರೆ ಕಣದಿಂದ ಎತ್ತು ಹೋದಂತೆ ಪದವೂ ಹೊರಟಿತು. ಹಿಟ್ಟಿನ ಗಿರಣಿ ಬಂದಾಗ ಬೀಸುಕಲ್ಲಿನ ಪದಕ್ಕೂ ಇದೇ ಗತಿಯಾಯಿತು. ತತ್ವಪದಗಳ ಅದೃಷ್ಟ ಸ್ವಲ್ಪ ಮೇಲು. ಬೆಂಗಳೂರಿನ ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನ ಕೇಂದ್ರವು ನಾಡಿನ ತತ್ವಪದಗಳನ್ನು ಅನೇಕ ಸಂಪುಟಗಳಲ್ಲಿ ಪ್ರಕಟಿಸಿದೆ. ಮಾತು ಉಳಿಯಿತು, ಧಾಟಿಯನ್ನು ಮಾತ್ರ ಪುಸ್ತಕ ಹಿಡಿದಿಡಲಾರದು. ಅದು ಬಾಯಿಂದ ಬಾಯಿಗೆ ದಾಟಬೇಕಾದದ್ದು. ಹಿರಿಯ ಹಾಡುಗಾರನ ಪಕ್ಕದಲ್ಲಿ ಪಲ್ಲವಿ ಹಿಡಿಯುವ ಹುಡುಗನಿಲ್ಲದ ದಿನ, ಅಚ್ಚಾದ ಪದವು ಬರಿಯ ಪದ್ಯವಾಗಿ ನಿಂತೀತು.

ಪೇಟೆಯ ಕುಟುಂಬವೊಂದು ಒಂದು ರಾತ್ರಿ ಕುಳಿತು ಕೇಳಿದ ಮಾತ್ರಕ್ಕೆ ಪರಂಪರೆ ಉಳಿದುಬಿಡುವುದೆ? ಉಳಿಯಲಾರದು. ಆದರೆ ತಮ್ಮೂರಿನ ಹಾಡನ್ನು ಕೇಳಲು ದೂರದಿಂದ ಮಕ್ಕಳುಮರಿ ಸಮೇತ ಬಂದವರಿದ್ದಾರೆಂಬುದನ್ನು ಆ ಊರಿನ ಹುಡುಗ ನೋಡುತ್ತಾನೆ. ತಾತನ ಏಕತಾರಿಯನ್ನು ಅಟ್ಟಕ್ಕೆ ಏರಿಸುವ ಮುನ್ನ ಅವನ ಕೈ ಒಂದು ಕ್ಷಣ ತಡೆದೀತು.

ಪ್ರವಾಸದ ಫಲ ಮನೆಯೊಳಗೂ ಕಾಣಿಸಬಹುದು. ಹಿಂದಿರುಗುವ ದಾರಿಯಲ್ಲಿ, ಸೇತುವೆ ದಾಟಿದ ಮೇಲೆ, ಹಿಂದಿನ ಆಸನದಲ್ಲಿ ಕುಳಿತ ಅಜ್ಜಿ ತಮ್ಮ ತಾಯಿಯಿಂದ ಕಲಿತ ಬೀಸುವ ಪದವೊಂದನ್ನು ಮೆಲ್ಲಗೆ ಗುನುಗಿಕೊಂಡರೆ, ಕಾರಿನ ರೇಡಿಯೋವನ್ನು ಕೂಡಲೆ ನಿಲ್ಲಿಸಬೇಕು. ಮೊಮ್ಮಗಳು ಪಲ್ಲವಿ ಹಿಡಿಯಬೇಕು.