ಕೈಗೂ ಒಂದು ವಿದ್ಯೆ ಬೇಕು

ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ಮರುದಿನದಿಂದಲೇ ನಮ್ಮಲ್ಲಿಗೆ ಬರುವ ತಂದೆ-ತಾಯಂದಿರ ಪ್ರಶ್ನೆ ಒಂದೇ: “ಶಾಸ್ತ್ರಿಗಳೇ, ಮಗನಿಗೆ ಸೈನ್ಸ್ ಕೊಡಿಸೋಣವೋ, ಕಾಮರ್ಸ್ ಕೊಡಿಸೋಣವೋ?” ಇವೆರಡನ್ನೂ ಬಿಟ್ಟು ಬೇರೆ ದಾರಿಯುಂಟೇ ಎಂದು ಕೇಳುವವರು ವಿರಳ. ಮಗುವಿನ ಒಲವು ಯಾವುದೆಂದು ಹೇಳುವವರು ಇನ್ನೂ ವಿರಳ.

ಈ ವಿಷಯದಲ್ಲಿ ನಾವೂ ಒಮ್ಮೆ ತಪ್ಪಿದವರೇ. ಹಲವು ವರ್ಷಗಳ ಹಿಂದೆ, ಪರಿಚಿತ ರೈತ ಮನೆತನದ ಹುಡುಗನೊಬ್ಬ ಕೆಟ್ಟ ಪಂಪ್‌ಸೆಟ್ಟನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ನೀರೆತ್ತಿಸುವಷ್ಟು ಜಾಣನಾಗಿದ್ದನು. ಐ.ಟಿ.ಐ. ಸೇರಬೇಕೆಂಬುದು ಅವನ ಆಸೆ. ತಂದೆ ನಮ್ಮ ಅಭಿಪ್ರಾಯ ಕೇಳಿದಾಗ, “ಇಷ್ಟು ಬುದ್ಧಿಯುಳ್ಳ ಹುಡುಗನ ಕೈಗೆ ಸ್ಪಾನರ್ ಕೊಡುವುದೇಕೆ?” ಎಂದುಬಿಟ್ಟೆವು. ಪಿ.ಯು. ವಿಜ್ಞಾನಕ್ಕೆ ಸೇರಿದ ಹುಡುಗ ಎರಡು ಬಾರಿ ಅನುತ್ತೀರ್ಣನಾಗಿ, ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟನು. ಕೊನೆಗೆ ತಾಯಿಯ ಒತ್ತಾಯದಿಂದ ಎಲೆಕ್ಟ್ರಿಷಿಯನ್ ತರಬೇತಿಗೆ ಸೇರಿದನು. ಇಂದು ಇಬ್ಬರು ಸಹಾಯಕರಿಗೆ ಅನ್ನ ಕೊಡುತ್ತಿದ್ದಾನೆ. ನಮ್ಮನ್ನು ಕಂಡರೆ ಕೈಮುಗಿಯುತ್ತಾನೆ. ಕಳೆದುಹೋದ ಆ ವರ್ಷಗಳ ಮಾತನ್ನು ಎತ್ತುವುದಿಲ್ಲ. ಎತ್ತದಿರುವುದೇ ನಮಗೆ ದೊಡ್ಡ ಪಾಠವಾಗಿದೆ.

ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೇದಾರ ಕೇತಯ್ಯನವರು ಬಿದಿರಿನ ಕೆಲಸ ಮಾಡಿದರು ಎಂದು ವೇದಿಕೆಯಲ್ಲಿ ಹೆಮ್ಮೆಯಿಂದ ನುಡಿಯುವ ನಾವು, ಮಗ ಕೈಕೆಲಸ ಕಲಿಯುವೆನೆಂದರೆ ಮುಖ ಸಿಂಡರಿಸುತ್ತೇವೆ. ಕಾಯಕದ ಹಿರಿಮೆ ಬಾಯಲ್ಲಿದ್ದು ಮನೆಯೊಳಗೆ ಇಲ್ಲದಿದ್ದರೆ ಅದರಿಂದೇನು ಫಲ?

ಸರ್ ಎಂ. ವಿಶ್ವೇಶ್ವರಯ್ಯನವರು ಈ ಸತ್ಯವನ್ನು ಮನಗಂಡಿದ್ದರು. ಅವರ ಪರಿಶ್ರಮದಿಂದ ಬೆಂಗಳೂರಿನಲ್ಲಿ 1943ರಲ್ಲಿ ಆರಂಭವಾದ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆಯೇ ಇಂದಿನ ಎಸ್.ಜೆ. ಪಾಲಿಟೆಕ್ನಿಕ್.

ಇನ್ನು ದಾರಿಗಳ ವಿಚಾರ. ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್, ಫಿಟ್ಟರ್ ಮೊದಲಾದವು 2 ವರ್ಷದ ತರಬೇತಿಗಳು. ವೆಲ್ಡರ್, ಹೊಲಿಗೆ ಮುಂತಾದವು 1 ವರ್ಷದವು. ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷ. ಉಪಕರಣ ಹಾಗೂ ಅಚ್ಚು ತಯಾರಿಕೆಯನ್ನು ಕಲಿಸುವ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರಗಳೂ ನಾಡಿನ ಹಲವು ಊರುಗಳಲ್ಲಿವೆ. 1961ರ ಅಪ್ರೆಂಟಿಸ್ ಕಾಯಿದೆಯಂತೆ ಕಾರ್ಖಾನೆಯಲ್ಲಿ ಕಲಿಯುವ ಅವಧಿಯಲ್ಲಿ ಶಿಷ್ಯವೇತನವೂ ದೊರೆಯುತ್ತದೆ.

ಈ ದಾರಿ ಹಿಡಿದರೆ ಮುಂದಿನ ಓದಿಗೆ ಬಾಗಿಲು ಮುಚ್ಚಿತೆಂಬುದು ತಪ್ಪು ತಿಳಿವಳಿಕೆ. 2 ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೂ, ಡಿಪ್ಲೊಮಾ ಮುಗಿಸಿದವರು ಡಿ.ಸಿ.ಇ.ಟಿ. ಪರೀಕ್ಷೆಯ ಮೂಲಕ ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೂ ಸೇರಲು ಅವಕಾಶವುಂಟು. ಹೆಣ್ಣುಮಕ್ಕಳಿಗೂ ಈ ಬಾಗಿಲುಗಳು ತೆರೆದಿವೆ. ಹೊಲಿಗೆಯೊಂದೇ ಅವರ ಪಾಲಿನದೆಂದು ಹಿರಿಯರು ಭಾವಿಸಬಾರದು.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟು. ಫಲಿತಾಂಶಕ್ಕಾಗಿ ಕಾಯದೆ, ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಹತ್ತಿರದ ಐ.ಟಿ.ಐ. ಅಥವಾ ಪಾಲಿಟೆಕ್ನಿಕ್ಕಿಗೆ ಕರೆದೊಯ್ಯಿರಿ. ಅಲ್ಲಿಯ ಕಾರ್ಯಾಗಾರದಲ್ಲಿ ಯಂತ್ರಗಳು ನಿಜವಾಗಿ ಓಡುತ್ತಿವೆಯೇ ಎಂದು ನೋಡಿರಿ. ಸಂಸ್ಥೆಗೆ ಸರ್ಕಾರದ ಮಾನ್ಯತೆ ಇದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿರಿ. ಕಲಿತು ಹೊರಬಂದವರನ್ನು ಕಂಡು ಮಾತನಾಡಿಸಿರಿ. ಅನಂತರ ಮನೆಗೆ ಬಂದು ಮಗುವಿನ ಮಾತನ್ನು ಕೇಳಿರಿ.

ಓದಿನಲ್ಲಿ ಒಲವಿರುವವರು ಓದಲಿ, ಅದೂ ಕಾಯಕವೇ. ಆದರೆ ನೆರೆಮನೆಯವರ ಮಾತಿಗೆ ಅಂಜಿ, ಕೈಯಲ್ಲಿ ವಿದ್ಯೆಯಿರುವ ಮಗುವಿನ ಎರಡು ವರ್ಷಗಳನ್ನು ನಾವು ಕಳೆದಂತೆ ನೀವು ಕಳೆಯದಿರಿ.