ಸಿರಪ್ ಬಾಟಲಿ ಎಸೆಯಬೇಡಿ

ಕೆಮ್ಮು ಬಂದರೆ ನಮ್ಮಲ್ಲಿ ಅನೇಕರು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಬಿಲ್ ಕೇಳುವವರು ಕಡಿಮೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕೋಲ್ಡ್ರಿಫ್ ಸಿರಪ್ ಕುಡಿದ ಎಳೆ ಮಕ್ಕಳು ತೀರಿಕೊಂಡರು. ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಶೇ. 48.6 ಇತ್ತು; ಶೇ. 0.1ಕ್ಕಿಂತ ಹೆಚ್ಚು ಇರಕೂಡದು. ಇದು ಗಾಡಿಗಳ ಕೂಲಂಟ್‌ಗೆ ಹಾಕುವ ಜಾತಿಯ ರಾಸಾಯನಿಕ. ರುಚಿ ಸಿಹಿ. ನಮ್ಮ ಗರಗದ ಧ್ವಜದ ಖಾದಿಯನ್ನು ಎಳೆ ಎಣಿಸಿ ಪಾಸ್ ಮಾಡುತ್ತಾರೆ. ಮಕ್ಕಳ ಔಷಧಿಗೆ ಅಷ್ಟೂ ಆಗಲಿಲ್ಲ.

ನಾವು ಓದಿದ್ದೆಲ್ಲ ಕಿಡ್ನಿಯ ಸುದ್ದಿ. ಆದರೆ ಈ ವಿಷ ನರಗಳನ್ನೂ ಬಿಡುವುದಿಲ್ಲ. ಮೊದಲು ವಾಂತಿ, ಹೊಟ್ಟೆನೋವು, ಆಮೇಲೆ ಮೂತ್ರ ನಿಲ್ಲುತ್ತದೆ. ಕೆಲವು ದಿನ ಬಿಟ್ಟು ಮುಖ ವಾಲಬಹುದು, ಕೈಕಾಲಿನ ಬಲ ಹೋಗಬಹುದು. 2006ರಲ್ಲಿ ಪನಾಮಾದ ವೈದ್ಯರೇ ಇದನ್ನು ಮೊದಲು ಬೇರೆ ನರರೋಗ ಎಂದು ಶಂಕಿಸಿದ್ದರು. ಹಾಗಿರುವಾಗ ಬಾಯಿ ಸೊಟ್ಟಗಾದರೆ ‘ಗಾಳಿ ಬಡಿದಿದೆ’ ಎನ್ನುವ ನಮ್ಮ ಅಜ್ಜಿಯರನ್ನು ಬೈದು ಏನು ಪ್ರಯೋಜನ? ಅಷ್ಟರಲ್ಲಿ ಬಾಟಲಿ ತಿಪ್ಪೆ ಸೇರಿರುತ್ತದೆ, ಬ್ಯಾಚ್ ನಂಬರೂ ಅದರ ಜೊತೆಗೆ.

ಅದಕ್ಕೇ ಹೇಳುತ್ತೇನೆ, ಬಿಲ್ ತೆಗೆದುಕೊಳ್ಳಿ. ಕೆಮ್ಮು ಹೋದ ಮೇಲೂ ಒಂದು ತಿಂಗಳು ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ಸಿರಪ್ ಕುಡಿದ ತಮ್ಮನೋ ತಂಗಿಯೋ ಮೂತ್ರ ಮಾಡದಿದ್ದರೆ ಬೆಳಗಾಗಲಿ ಎನ್ನದೆ ಬಾಟಲಿ ಸಮೇತ ಧಾರವಾಡದ ಆಸ್ಪತ್ರೆಗೆ ಹೊರಡಿ.