ಮಲ್ಲಯ್ಯನ ಗುಡ್ಡಕ್ಕೆ ಮುನ್ನ ಚಿಂಚೋಳಿಯ ಗುಡ್ಡ

ಯುಗಾದಿ ಸಮೀಪಿಸಿತೆಂದರೆ ನಮ್ಮ ಭಾಗದ ಸದ್ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಸಿದ್ಧತೆಯಲ್ಲಿ ತೊಡಗುತ್ತಾರೆ. ಬುತ್ತಿ, ಹಾಸಿಗೆ, ಕಂಬಿಯ ಅಲಂಕಾರ ಎಲ್ಲವೂ ಸಿದ್ಧವಾಗುತ್ತವೆ. ಕಾಲುಗಳನ್ನು ಸಿದ್ಧಗೊಳಿಸುವವರು ವಿರಳ. ಆತ್ಮಕೂರು ದಾಟಿ, ವೆಂಕಟಾಪುರದ ಬಳಿ ನಲ್ಲಮಲೆಯ ಕಾಡು ಹೊಕ್ಕು, ನಾಗಲೂಟಿ, ಪೆಚ್ಚೆರುವು, ಭೀಮನ ಕೊಳಗಳ ಏರಿಳಿತದ ದಾರಿ ಹಿಡಿದಾಗಲೇ ಆ ಕೊರತೆ ಅರಿವಿಗೆ ಬರುವುದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳದು ಪರಸಿ ಹಾಸಿದಂತಹ ಸಮತಟ್ಟು ನೆಲ. ಬಯಲಿನಲ್ಲಿ ಹತ್ತು ಮೈಲಿ ಲೀಲಾಜಾಲವಾಗಿ ನಡೆಯುವವರಿಗೂ ಗುಡ್ಡ ಇಳಿಯುವಾಗ ತೊಡೆ ನಡುಗುತ್ತದೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕು. ಅಭ್ಯಾಸವಿಲ್ಲದ ಸ್ನಾಯು ಮರುದಿನ ಬಿಗಿದು ನೋಯುತ್ತದೆ. ಇದಕ್ಕೆ ಔಷಧವು ಚಿಂಚೋಳಿಯಲ್ಲಿದೆ. 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾದ ಆ ಕಾಡಿನಲ್ಲಿ, ಚಂದ್ರಂಪಳ್ಳಿ ಜಲಾಶಯದ ಸುತ್ತಣ ಗುಡ್ಡಗಳಲ್ಲಿ, ಅರಣ್ಯ ಇಲಾಖೆಯ ಅನುಮತಿ ಪಡೆದು ಮಾಘಮಾಸದಿಂದಲೇ ವಾರಕ್ಕೊಮ್ಮೆ ಹತ್ತಿ ಇಳಿಯಬೇಕು. ಬಿಸಿಲಿಗೆ ದೇಹ ಒಗ್ಗಲು ಒಂದೆರಡು ವಾರವಾದರೂ ಬೇಕು. ಸಿಮೆಂಟಿನ ಧೂಳಿನಲ್ಲಿ ದುಡಿದು ಉಬ್ಬಸ ತಂದುಕೊಂಡವರು ವೈದ್ಯರನ್ನು ಕಂಡೇ ಹೊರಡತಕ್ಕದ್ದು.

ತಂಡದ ನಡಿಗೆಯೂ ಬದಲಾಗಬೇಕು. ಯುವಕರು ಜಯಘೋಷ ಮಾಡುತ್ತ ಮುಂದೆ ಸಾಗುತ್ತಾರೆ, ವೃದ್ಧೆಯರು ಹಿಂದುಳಿಯುತ್ತಾರೆ. ಅತ್ಯಂತ ನಿಧಾನವಾಗಿ ನಡೆಯುವವರನ್ನು ಮುಂದಿಟ್ಟುಕೊಂಡು ನಡೆಯುವುದೇ ಸರಿ; ಕಟ್ಟಕಡೆಗೆ ಬಲಿಷ್ಠನೊಬ್ಬನಿರಲಿ. ಬಿಸಿಲಿನಲ್ಲಿ ಯಾರಾದರೂ ತೊದಲಿದರೆ, ಅಸಂಬದ್ಧವಾಗಿ ಮಾತನಾಡಿದರೆ, ಅದನ್ನು ಬರಿಯ ದಣಿವೆಂದಾಗಲಿ, ಮೈದುಂಬಿತೆಂದಾಗಲಿ ಭಾವಿಸಕೂಡದು. ಅದು ಪ್ರಾಣಾಪಾಯದ ಉಷ್ಣಾಘಾತವಿರಬಹುದು. ತಕ್ಷಣ ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸಬೇಕು. ಆಸ್ಪತ್ರೆಗೆ ಸಾಗಿಸುವ ವ್ಯವಸ್ಥೆಯೂ ಜೊತೆಜೊತೆಗೇ ನಡೆಯಬೇಕು.

ದಾರಿಯ ಅರವಟಿಗೆ, ದಾಸೋಹಗಳ ಸೇವೆ ದೊಡ್ಡದು. ಆದರೂ ಅಲ್ಲಿ ಸಿಹಿತಿನಿಸಿಗಿರುವ ಉತ್ಸಾಹ ಉಪ್ಪು-ಸಕ್ಕರೆಯ ನೀರಿಗಿಲ್ಲ. ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು: ಅಳತೆ ಇಷ್ಟೇ. ನ್ಯೂಜಿಲೆಂಡಿನ ವೆಲಿಂಗ್ಟನ್ನಿನಲ್ಲಿ 1919ರಲ್ಲೇ ಗಿರಿಚಾರಣದ ಸಂಘವೊಂದು ಸ್ಥಾಪನೆಯಾಯಿತು. ಆ ದೇಶದ ಸಂರಕ್ಷಣಾ ಇಲಾಖೆ ಇಂದು 900ಕ್ಕೂ ಹೆಚ್ಚು ಚಾರಣಿಗರ ತಂಗುಮನೆಗಳನ್ನು ನೋಡಿಕೊಳ್ಳುತ್ತಿದೆ. ಅಲ್ಲಿ ಇಡುವ ಪುಸ್ತಕದಲ್ಲಿ ತಂಗಿದವರು ಹೆಸರು, ದಿನಾಂಕ, ಮುಂದಿನ ದಾರಿಯನ್ನು ಬರೆಯುತ್ತಾರೆ. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಆ ಪುಸ್ತಕವನ್ನೇ. ನಮ್ಮ ಅರವಟಿಗೆಗಳಲ್ಲಿಯೂ ಅಂಥದೊಂದು ವಹಿ ಇರಿಸಲು ಎಷ್ಟು ಖರ್ಚಾದೀತು?

ಇನ್ನು ಬರಿಗಾಲಿನ ಹರಕೆ. ಮಧುಮೇಹಿಗಳಲ್ಲಿ ಪಾದದ ಸ್ಪರ್ಶಜ್ಞಾನ ಕುಗ್ಗಿರುವುದುಂಟು. ಮುಳ್ಳು ಚುಚ್ಚಿದರೂ, ಬೊಕ್ಕೆ ಒಡೆದರೂ ತಿಳಿಯದು. ಆ ಹುಣ್ಣು ಕೊಳೆತು ಕಾಲನ್ನೇ ಕತ್ತರಿಸುವ ಸ್ಥಿತಿ ಬರಬಹುದು. ಅವರು ಮೆತ್ತನೆಯ ಪಾದರಕ್ಷೆ ಧರಿಸಿ, ಪ್ರತಿ ಸಂಜೆ ಅಂಗಾಲು ಪರೀಕ್ಷಿಸಿಕೊಳ್ಳಬೇಕು. ಮಾತ್ರೆ ನುಂಗಿ ಉಪವಾಸ ನಡೆಯುವುದಂತೂ ಸಲ್ಲದು. ವೈದ್ಯರು ಈ ಮಾತು ಹೇಳಿದರೆ ಹರಕೆ ಹೊತ್ತವರು ಕೇಳುವುದಿಲ್ಲ. ಕಂಬಿಯನ್ನು ಬೀಳ್ಕೊಡುವ ದಿನ ಪೂಜ್ಯರೇ ಅಪ್ಪಣೆ ಕೊಡಿಸಿದರೆ ಕೇಳುತ್ತಾರೆ.